ಎಡಗಡೆಯ ಕಿಡ್ನಿ

ಪೀಟಿ ಮಿಸ್ಸಿನ ಹೊಟ್ಟೆಯಲ್ಲಿ ಗಡ್ಡೆ ಬೆಳೆಯುತ್ತಿದ್ದ ಕಾಲದಲ್ಲಿ ಮೂವರು ಡಾಕ್ಟರುಗಳು ಅವಳಿಗೆ ಕೊಬ್ಬು ಕರಗಿಸಲು ಹೇಳಿದರು. ಊಟ ಕಡಿಮೆ ಮಾಡಿ, ದಿನಾ ಓಡಿ ಎಂದರು. ಅವಳು ಊಟ ಕಡಿಮೆ ಮಾಡಿದಳು, ದಿನಾ ಓಡಿದಳು. ಗಡ್ಡೆ ಬೆಳೆಯಿತು.

ಓಡುವುದು ಅವಳಿಗೆ ಹೊಸದಲ್ಲ. ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಪೀಟಿ ಕಲಿಸುತ್ತ ತಲೆಗೂದಲು ನೆರೆಯುವ ವಯಸ್ಸಿಗೆ ಬಂದವಳು. ಕುತ್ತಿಗೆಯಲ್ಲಿ ಸೀಟಿ, ಕಾಲಲ್ಲಿ ಬಿಳಿ ಕ್ಯಾನ್ವಾಸ್ ಶೂ, ಬಿಸಿಲಿಗೆ ಕಪ್ಪಿಟ್ಟ ಮೂಗು. ಬೆಳಗಿನ ಸಾಲಿನ ಮುಂದೆ ನಿಂತು ಅವಳು ‘ಅಟೆನ್ಷನ್’ ಎಂದರೆ, ಆಫೀಸಿನ ಕಿಟಕಿಯಲ್ಲಿ ಟೀ ಕುಡಿಯುತ್ತಿದ್ದ ಹೆಡ್‌ಮಿಸ್ಸಿನ ಕಾಲುಗಳೂ ತಮಗೆ ತಾವೇ ಜೋಡಿಯಾಗಿಬಿಡುತ್ತಿದ್ದವು. ಇಂಥವಳನ್ನು ಕೂರಿಸಿಕೊಂಡು ಮೊದಲನೆಯ ಡಾಕ್ಟರು, ಬೀದಿ ಮೂಲೆಯ ಕ್ಲಿನಿಕ್ಕಿನವರು, ತಮ್ಮ ಹೊಟ್ಟೆಯನ್ನು ಮೇಜಿನ ಅಂಚಿನ ಮೇಲೆ ಇಳಿಬಿಟ್ಟುಕೊಂಡೇ ಕೇಳಿದ್ದರು:

“ವ್ಯಾಯಾಮ ಏನಾದ್ರೂ ಮಾಡ್ತೀರಾ?”

“ನಾನು ಪೀಟಿ ಟೀಚರ್ ಡಾಕ್ಟ್ರೇ.”

“ಅದು ಮಕ್ಕಳು ಮಾಡೋದಲ್ವಾ? ನೀವೇನು ಮಾಡ್ತೀರಾ?”

ಎರಡನೆಯವರು ಗ್ಯಾಸ್ ಎಂದು ಗುಳಿಗೆ ಕೊಟ್ಟರು. ಮೂರನೆಯವರು ಹೆಂಗಸರ ಡಾಕ್ಟರು. ಹೆಂಗಸಿನ ಕಷ್ಟ ಹೆಂಗಸಿಗೆ ತಿಳಿದೀತು ಎಂದು ಆಸೆಪಟ್ಟು ಹೋದದ್ದು. “ಈ ವಯಸ್ಸಲ್ಲಿ ಎಲ್ರಿಗೂ ಹೊಟ್ಟೆ ಬರುತ್ತೆ ಕಣಮ್ಮಾ, ನನ್ನ ನೋಡು” ಎಂದು ಅವರು ನಕ್ಕರು. ಪಕ್ಕೆ ನೋಯುತ್ತದೆ ಎಂದದ್ದಕ್ಕೆ, ಪಿತ್ತಕೋಶದಲ್ಲಿ ಕಲ್ಲಿರಬಹುದು ಎಂದು ದೊಡ್ಡ ಯಂತ್ರದ ಸ್ಕ್ಯಾನಿಗೆ ಬರೆದರು. ಕಲ್ಲಿಲ್ಲ ಎಂದು ಬಂತು. ಜೊತೆಗೆ, ಹೊಟ್ಟೆಯಲ್ಲಿ ಕೊಬ್ಬಿನ ಅಂಶ ಹೆಚ್ಚು ಎಂದು ಒಂದು ಸಾಲು. ಆ ಒಂದು ಸಾಲನ್ನು ಡಾಕ್ಟರು ಬೆರಳಿಟ್ಟು ತೋರಿಸಿ, “ನಾನು ಹೇಳಿರ್ಲಿಲ್ವಾ?” ಎಂದರು.

ಕನ್ನಡಿ ಮಾತ್ರ ಬೇರೆ ಮಾತು ಹೇಳುತ್ತಿತ್ತು. ಕೆನ್ನೆ ಗುಳಿಬಿದ್ದಿತ್ತು. ತೋಳು ಕಡ್ಡಿಯಾಗಿತ್ತು. ವಾಚು ಮಣಿಕಟ್ಟಿನಿಂದ ಮೊಣಕೈವರೆಗೆ ಸರಾಗವಾಗಿ ಓಡಾಡುತ್ತಿತ್ತು. ಹೊಟ್ಟೆಯೊಂದೇ, ಬೇರೆ ಯಾರದೋ ಹೊಟ್ಟೆಯನ್ನು ತಂದು ಕಟ್ಟಿದಂತೆ, ಮುಂದೆ ಮುಂದೆ ಹೋಗುತ್ತಿತ್ತು. ನಾಲ್ಕು ತುತ್ತಿಗೆ ಊಟ ಸಾಕಾಗುತ್ತಿತ್ತು. ಬಸ್ಸಿನಲ್ಲಿ ಹುಡುಗಿಯರು ಎದ್ದು ಸೀಟು ಬಿಟ್ಟುಕೊಡತೊಡಗಿದರು. ಮದುವೆಯಾಗದ, ನಡುವಯಸ್ಸು ದಾಟುತ್ತಿದ್ದ ಹೆಂಗಸಿಗೆ ಅದೆಂಥ ಮರ್ಯಾದೆಯೋ! ಅಣ್ಣನ ಮನೆಯಲ್ಲೇ ಅವಳ ವಾಸ. ಅತ್ತಿಗೆ ಒಂದು ದಿನ ಬಟ್ಟೆ ಮಡಚುತ್ತ, ಮುಖ ಎತ್ತದೆ, “ಪಕ್ಕದ ಮನೆಯೋಳು ಎಷ್ಟು ತಿಂಗಳು ಅಂತ ಕೇಳಿದ್ಲು ಕಣೇ. ನಾನೇನು ಹೇಳ್ಲಿ?” ಎಂದಳು.

“ಐದು ವರ್ಷದ ಮೇಲೆ ಇನ್ನೊಂದಿಷ್ಟು ತಿಂಗಳು ಅನ್ನಿ. ಹುಟ್ಟಿದ ಕೂಡ್ಲೇ ನೇರ ಒಂದನೇ ಕ್ಲಾಸಿಗೆ ಸೇರಿಸ್ತೀನಿ.”

ಅತ್ತಿಗೆ ನಗಲಿಲ್ಲ. ಆ ಹೊಟ್ಟೆಯ ಬಗ್ಗೆ ಪೀಟಿ ಮಿಸ್ಸೊಬ್ಬಳನ್ನು ಬಿಟ್ಟು ಮಿಕ್ಕವರೆಲ್ಲ ಮಾತಾಡಬಹುದಾಗಿತ್ತು.

ಕಡೆಗೆ ಶಾಲೆಯವರೂ ಮಾತಾಡಿದರು. ಹೆಡ್‌ಮಿಸ್ಸು ಕರೆದು ಕೂರಿಸಿ, ಟೀ ತರಿಸಿ, ದನಿ ತಗ್ಗಿಸಿ, “ನೀವು ಹೊಟ್ಟೆ ಮುಂದಿಟ್ಕೊಂಡು ‘ಬಗ್ಗಿ, ಏಳಿ’ ಅಂದ್ರೆ ಮಕ್ಕಳು ನಗ್ತವೆ ಮಿಸ್. ಸ್ವಲ್ಪ ದಿನ ಊಟದ ಹಾಲ್ ನೋಡ್ಕೊಳ್ಳಿ. ಆಮೇಲೆ ಡಾಕ್ಟ್ರ ಹತ್ರ ಆರೋಗ್ಯವಾಗಿದ್ದೀನಿ ಅಂತ ಬರೆಸ್ಕೊಂಡು ಬನ್ನಿ” ಎಂದರು. ಅವಳ ಮೈದಾನವನ್ನು ಗಣಿತದ ಮೇಷ್ಟ್ರಿಗೆ ಕೊಟ್ಟರು. ಆ ಮೇಷ್ಟ್ರಿಗೆ ಸೀಟಿ ಊದಲು ಬರುತ್ತಿರಲಿಲ್ಲ. ಅವಳು ಎಂಜಲು ತಟ್ಟೆಗಳ ನಡುವೆ ನಿಂತು, ಕಿಟಕಿಯಾಚೆ ಅಂಕುಡೊಂಕಾದ ಸಾಲುಗಳನ್ನು ನೋಡುತ್ತ ಹಲ್ಲು ಕಡಿಯುತ್ತಿದ್ದಳು.

ಆರೋಗ್ಯವಾಗಿದ್ದೇನೆ ಎಂದು ಬರೆಸಿಕೊಳ್ಳಲು ಹೋದದ್ದರಿಂದಲೇ ರೋಗ ಸಿಕ್ಕಿದ್ದು. ಬರೆದುಕೊಡಬೇಕಾದ ಡಾಕ್ಟರು ಕಾಲಿನ ಊತ ನೋಡಿ, ಕಿಡ್ನಿ ಒಮ್ಮೆ ನೋಡಿಬಿಡೋಣ ಎಂದರು. ಕತ್ತಲೆ ಕೋಣೆಯಲ್ಲಿ ಸ್ಕ್ಯಾನ್ ಮಾಡುವ ಡಾಕ್ಟರು ಚಿಕ್ಕ ಹುಡುಗಿ, ಹೊಸದಾಗಿ ಕೆಲಸಕ್ಕೆ ಸೇರಿದವಳಿರಬೇಕು. ತಣ್ಣನೆ ಅಂಟು ಹಚ್ಚಿ ಪಕ್ಕೆಯ ಮೇಲೆ ಯಂತ್ರ ಆಡಿಸಿದಳು. ಮತ್ತೆ ಆಡಿಸಿದಳು. ಒತ್ತಿದಳು. ಅವಳ ಹುಬ್ಬು ಗಂಟಾಯಿತು.

“ಮೇಡಂ, ನಿಮ್ಮ ಎಡಗಡೆ ಕಿಡ್ನಿ ಯಾರಿಗಾದ್ರೂ ಕೊಟ್ಟಿದ್ದೀರಾ?”

“ಕೊಟ್ಟು ಮರೆಯೋಕೆ ಅದೇನು ಛತ್ರೀನಾ?”

“ಇಲ್ಲ ಮೇಡಂ, ಅದರ ಜಾಗದಲ್ಲಿ ಅದಿಲ್ಲ.”

ಕಿಡ್ನಿ ಸಿಕ್ಕಿತು. ತುಂಬಿದ ಬಸ್ಸಿನಲ್ಲಿ ಎಡಗಡೆ ಬಾಗಿಲಲ್ಲಿ ಹತ್ತಿದವನು ಜನರ ನೂಕಿಗೆ ಬಲಗಡೆ ಕಿಟಕಿಗೆ ಹೋಗಿ ಅಂಟಿಕೊಂಡಂತೆ, ಬೆನ್ನುಮೂಳೆ ದಾಟಿ ಆಚೆ ಮಗ್ಗುಲಲ್ಲಿ ಸಪ್ಪಗೆ ಕೂತಿತ್ತು. ಅದನ್ನು ಅಲ್ಲಿಗೆ ನೂಕಿದ್ದು ಒಂದು ಗಡ್ಡೆ.

ದೊಡ್ಡ ಆಸ್ಪತ್ರೆಯಲ್ಲಿ ಇಂಥ ಗಡ್ಡೆಗಳಿಗೆಂದೇ ಒಂದು ವಿಭಾಗವಿತ್ತು. ಅಲ್ಲಿನ ಶಸ್ತ್ರಚಿಕಿತ್ಸೆಯ ಡಾಕ್ಟರಮ್ಮ ಕುಳ್ಳಗೆ, ಸಣ್ಣಗೆ, ಇಡೀ ಲೋಕದ ಮೇಲೆ ಮುನಿಸಿಕೊಂಡ ಮುಖದವರು. ಹೊಸ ಸ್ಕ್ಯಾನಿನ ಚಿತ್ರವನ್ನೂ, ಕಲ್ಲು ಹುಡುಕಲು ಹಿಂದೆ ತೆಗೆದಿದ್ದ ಚಿತ್ರವನ್ನೂ ಗೋಡೆಯ ಬೆಳಕಿಗೆ ಅಕ್ಕಪಕ್ಕ ಸಿಕ್ಕಿಸಿದರು. ಹಳೆಯದರ ಮೇಲೆ ಪೆನ್ನಿನ ತುದಿಯಿಂದ ಕುಟ್ಟಿದರು.

“ಇದರಲ್ಲೂ ಇದೆ. ಚಿಕ್ಕದು. ಆದ್ರೆ ಇದೆ.”

ಪೀಟಿ ಮಿಸ್ಸು ಎದ್ದು ಹಳೆಯ ಚಿತ್ರದ ಹತ್ತಿರ ಹೋಗಿ ನಿಂತಳು. “ಮತ್ತೆ ಯಾಕೆ ಹೇಳ್ಲಿಲ್ಲ?”

“ಕಲ್ಲಿದ್ಯಾ ಅಂತ ಕೇಳಿದ್ರು. ಕಲ್ಲಿಲ್ಲ ಅಂದ್ರು. ಮನೆಗೆ ಬೆಂಕಿ ಬಿದ್ದಿರುತ್ತೆ, ಬೆಕ್ಕು ಒಳಗಿದ್ಯಾ ಅಂತ ಕೇಳಿದ್ರೆ ಇಲ್ಲ ಅಂತ ಬರೆದು ಬಾಗಿಲು ಹಾಕ್ಕೊಂಡು ಹೋಗ್ತಾರೆ ನಮ್ಮೋರು.” ಡಾಕ್ಟರಮ್ಮ ಕುರ್ಚಿಯಲ್ಲಿ ಕುಸಿದು ಕೂತರು. “ನೋಡಿ, ಈ ಗಡ್ಡೆ ಕೊಬ್ಬಿನಿಂದಲೇ ಆಗೋದು. ಚಿತ್ರದಲ್ಲಿ ಕೊಬ್ಬಿನ ಹಾಗೇ ಕಾಣುತ್ತೆ. ತುಂಬ ಅಪರೂಪ. ಹಾಗಂತ ಅಪರೂಪದ್ದು ಯಾರಿಗೂ ಬರಲ್ಲ ಅಂತಲ್ವಲ್ಲ!”

ಮೊದಲು ಬೆನ್ನ ಕಡೆಯಿಂದ ಸೂಜಿ ಹಾಕಿ ಚೂರು ತೆಗೆದರು. ಹೊಟ್ಟೆಯ ಮುಂಭಾಗದಿಂದ ಯಾಕೆ ಹಾಕುವುದಿಲ್ಲ ಎಂದರೆ, ಸೂಜಿ ಹೋದ ದಾರಿಯಲ್ಲಿ ಗಡ್ಡೆಯ ಕಣ ಕರುಳಿನ ಕಡೆ ಚೆಲ್ಲಬಾರದು ಎಂದರು. ಆ ಚೂರನ್ನು ಬಣ್ಣ ಹಾಕಿ ನೋಡಿದರು, ಜೀನ್ ಪರೀಕ್ಷೆಗೆ ಕಳಿಸಿದರು. ಕತ್ತರಿಸುವವರು, ಚಿತ್ರ ಓದುವವರು, ಚೂರು ಪರೀಕ್ಷಿಸುವವರು ಒಂದೇ ಕೋಣೆಯಲ್ಲಿ ಕೂತು ಜಗಳವಾಡಿ ತೀರ್ಮಾನಿಸಿದರು. ಅಂದು ಅಣ್ಣನೂ ಜೊತೆಗೆ ಬಂದಿದ್ದ.

“ಕ್ಯಾನ್ಸರ್ ಗಡ್ಡೇನೇ. ಬಹುಪಾಲು ನಿಧಾನವಾಗಿ ಬೆಳೆಯೋ ಜಾತಿ” ಎಂದರು ಡಾಕ್ಟರಮ್ಮ. “ಒಂದು ಕಡೆ ಮಾತ್ರ ಗಟ್ಟಿಯಾಗಿದೆ, ಅದು ಅವಸರದ್ದು. ಔಷಧಿಗೆಲ್ಲ ಇದು ಸುಲಭವಾಗಿ ಬಗ್ಗಲ್ಲ. ಕತ್ತರೀನೇ ಇದಕ್ಕೆ ಔಷಧಿ. ಒಳ್ಳೆ ಕೊಬ್ಬು ಎಲ್ಲಿ ಮುಗೀತು, ಗಡ್ಡೆ ಎಲ್ಲಿ ಶುರುವಾಯ್ತು ಅಂತ ಕಣ್ಣಿಗೆ ಕಾಣಲ್ಲ. ಅದಕ್ಕೇ ಸುತ್ತಮುತ್ತಲಿನದನ್ನೂ ಸೇರಿಸಿ ಒಂದೇ ಗಂಟಾಗಿ ತೆಗೀತೀವಿ. ಎಡಗಡೆ ಕಿಡ್ನಿ, ದೊಡ್ಡ ಕರುಳಿನ ಒಂದು ಭಾಗ.”

“ಕಿಡ್ನಿಗೂ ಹರಡಿದ್ಯಾ ಡಾಕ್ಟ್ರೇ?” ಅಣ್ಣ ಕೇಳಿದ.

“ಇಲ್ಲ. ಕಿಡ್ನಿ ಚೆನ್ನಾಗೇ ಇದೆ. ಆದ್ರೂ ತೆಗೀತೀವಿ. ಬಲಗಡೇದು ಚೆನ್ನಾಗಿ ಕೆಲಸ ಮಾಡ್ತಿದೆ, ಪರೀಕ್ಷೆ ಮಾಡಿ ನೋಡಿದ್ದೀವಿ. ಒಂದು ಸಾಕು.”

ಅಣ್ಣನ ಮುಖದ ಬಣ್ಣ ಇಳಿದದ್ದನ್ನು ಡಾಕ್ಟರಮ್ಮ ನೋಡಲಿಲ್ಲ. ಅವರು ಪೀಟಿ ಮಿಸ್ಸಿನ ಕಡೆಗೇ ಬಾಗಿದರು.

“ಇನ್ನೊಂದು ಮಾತು. ನನ್ನ ಹತ್ರ ಬರೋ ಅರ್ಧಕ್ಕರ್ಧ ಜನ ಆಗಲೇ ಎಲ್ಲೋ ಕುಯ್ಯಿಸಿಕೊಂಡು ಬಂದಿರ್ತಾರೆ. ಒಳಗೆ ಚೂರು ಉಳಿದಿರುತ್ತೆ, ಅಷ್ಟೂ ಬೇರು ಬಿಟ್ಟಿರುತ್ತೆ. ಆಮೇಲೆ ನಾನು ಎಷ್ಟು ಬಡ್ಕೊಂಡ್ರೂ ಅಷ್ಟೇ. ಈ ಗಡ್ಡೆಗೆ ಮೊದಲನೇ ಆಪರೇಷನ್ನೇ ಆಪರೇಷನ್ನು. ನೀವು ಯಾರ ಕೈಯೂ ಸೋಕದೆ ಬಂದಿದ್ದೀರಿ. ಹಾಗೇ ಇರಿ.”

ಮೂರು ಬಗೆಯ ಸರ್ಜನ್ನುಗಳು ಒಟ್ಟಿಗೆ ನಿಲ್ಲಬೇಕು, ಥಿಯೇಟರು ಇಡೀ ದಿನ ಬಿಡುವಿರಬೇಕು. ಮುಂದಿನ ತಿಂಗಳ ಮೊದಲ ವಾರ ಎಂದು ದಿನ ಕೊಟ್ಟರು.

ಅಣ್ಣನದು ಹೆದ್ದಾರಿ ಬದಿಯಲ್ಲಿ ಟೈರ್ ಅಂಗಡಿ. ಅಪ್ಪ ಅಮ್ಮ ಒಬ್ಬರ ಹಿಂದೊಬ್ಬರು ಹೋದಾಗ ಅವನು ಓದು ಬಿಟ್ಟು ಪಂಕ್ಚರ್ ಹಾಕಿ ತಂಗಿಯನ್ನು ಓದಿಸಿದವನು. ಬರಿಗಾಲಲ್ಲಿ ಓಡಿ ಜಿಲ್ಲೆಗೇ ಮೊದಲು ಬಂದ ಹುಡುಗಿಗೆ ಮೊದಲ ಕ್ಯಾನ್ವಾಸ್ ಶೂ ಕೊಡಿಸಿದವನು ಅವನೇ. ಅವನ ಮಾತಿಗೆ ಎದುರಾಡಿ ಅವಳಿಗೆ ರೂಢಿಯಿರಲಿಲ್ಲ. ಅವನು ಆಸ್ಪತ್ರೆಯಿಂದ ಬಂದು ಮನೆಯ ಹೊಸಿಲು ದಾಟಿದ್ದೇ ತಡ, ಸಿಡಿದ.

“ಚೆನ್ನಾಗಿರೋ ಕಿಡ್ನಿ ಯಾಕೆ ತೆಗೀತಾರೆ ಹೇಳು? ಬಾಯಿ ಬಿಟ್ಟು ಅವರೇ ಹೇಳಿದ್ರು, ಚೆನ್ನಾಗೇ ಇದೆ ಅಂತ! ಟೈರ್ ಪಂಕ್ಚರ್ ಆದ್ರೆ ನಾನು ಎಂಜಿನ್ ಬಿಚ್ತೀನಾ?”

“ಗಡಿ ಕಾಣಲ್ವಂತೆ ಅಣ್ಣ, ಅದಕ್ಕೆ...”

“ಗಡಿ ಕಾಣಲ್ವಂತೆ, ಕಿಡ್ನಿ ಮಾತ್ರ ಚೆನ್ನಾಗಿ ಕಾಣುತ್ತಂತೆ! ಮಾರ್ಕೊಳ್ತಾರೆ ಕಣೇ. ಪೇಪರಲ್ಲಿ ಓದಿಲ್ವಾ ನೀನು?”

ಸಂಜೆಯ ಹೊತ್ತಿಗೆ ಫೋನುಗಳು ಶುರುವಾದವು. ಚಿಕ್ಕಪ್ಪ ಕರೆ ಮಾಡಿ “ಕಿಡ್ನಿ ಜೋಪಾನ ಮಗಳೇ” ಎಂದರು. ಅತ್ತೆಯ ಮಗಳು ಅತ್ತು, “ಬೇಕಾದ್ರೆ ನಾಟಿ ಔಷಧಿ ಮಾಡೋಣ, ಕಿಡ್ನಿ ಮಾತ್ರ ಕೊಡ್ಬೇಡ ಅಕ್ಕಾ” ಎಂದಳು. ಅತ್ತಿಗೆ ರಾತ್ರಿಯೂಟಕ್ಕೆ ಬಡಿಸುತ್ತ, “ಎಷ್ಟು ವರ್ಷದಿಂದ ಇದ್ದ ಜಾಗ ಬಿಟ್ಟು ಆಚೆ ಹೋಗಿ ಕೂತಿದೆ ಪಾಪ, ಅದನ್ನೂ ಬಿಡಲ್ವಂತಲ್ಲ” ಎಂದು ಕಿಡ್ನಿಯ ಪರವಾಗಿ ಕಣ್ಣೊರೆಸಿಕೊಂಡಳು. ಯಾರೂ ನೋಡಿರದ, ಹೋದ ತಿಂಗಳವರೆಗೆ ಯಾರೂ ನೆನೆಯದಿದ್ದ ಆ ಕಿಡ್ನಿ ಮನೆತನದ ಒಡವೆಯಾಗಿಬಿಟ್ಟಿತು. ಗಡ್ಡೆಯನ್ನು ಎಲ್ಲರೂ ಮರೆತರು.

“ಗಡ್ಡೆ ನನ್ನ ಹೊಟ್ಟೇಲಿದೆ” ಎಂದು ಪೀಟಿ ಮಿಸ್ಸು ಒಮ್ಮೆ ಜೋರಾಗಿಯೇ ಹೇಳಿದಳು. “ಅದರ ವಿಷಯ ಯಾರಾದ್ರೂ ಮಾತಾಡ್ತೀರಾ?”

“ಅದಕ್ಕೆ ವ್ಯವಸ್ಥೆ ಮಾಡಿದ್ದೀನಿ” ಎಂದ ಅಣ್ಣ.

ವ್ಯವಸ್ಥೆ ಎಂದರೆ ನರ್ಸಿಂಗ್ ಹೋಮಿನ ಡಾಕ್ಟರು. ಅವರ ಕಾರಿನ ಟೈರುಗಳೆಲ್ಲ ಅಣ್ಣನ ಅಂಗಡಿಯವೇ. ಅವರು ಸಣ್ಣ ತೂತಿನ ಆಪರೇಷನ್ನಿಗೆ ಹೆಸರಾದವರು. ಬೀದಿಯ ಅರ್ಧ ಜನರ ಅಪೆಂಡಿಕ್ಸು, ಪಿತ್ತಕೋಶ, ಹರ್ನಿಯಾ ಅವರ ಕೈಯಲ್ಲೇ ಹೋಗಿದ್ದವು, ಜನ ಮೂರನೆಯ ದಿನ ಮನೆಗೆ ನಡೆದು ಬಂದಿದ್ದರು. ಅದರಲ್ಲಿ ಸುಳ್ಳಿರಲಿಲ್ಲ. ಅವರು ಟೈರು ನೋಡುತ್ತ ನಿಂತೇ ಅಣ್ಣನಿಗೆ ಮಾತು ಕೊಟ್ಟಿದ್ದರು: “ಕಿಡ್ನಿ ಯಾಕ್ರೀ ತೆಗೀಬೇಕು? ಕರ್ಕೊಂಡು ಬನ್ನಿ.”

ಪೀಟಿ ಮಿಸ್ಸು ಬೇಡ ಎನ್ನಬಹುದಿತ್ತು. ಅನ್ನಲಿಲ್ಲ. ಅವಳಿಗೂ ಹೆದರಿಕೆಯಿತ್ತು. ಮಲಗಿದಾಗ ಬಲಗಡೆಯ ಪಕ್ಕೆಯ ಮೇಲೆ ಕೈಯಿಟ್ಟು, ಒಳಗೆ ಒಂದಕ್ಕೊಂದು ಒತ್ತಿಕೊಂಡು ಕೂತಿರುವ ಎರಡು ಕಿಡ್ನಿಗಳನ್ನೂ ನೆನೆಯುತ್ತಿದ್ದಳು. ಸಣ್ಣ ತೂತಿನಲ್ಲಿ ಮುಗಿದೀತು, ಕಿಡ್ನಿಯೂ ಉಳಿದೀತು, ಮುಂದಿನ ತಿಂಗಳು ಮೈದಾನಕ್ಕೆ ಹೋದೇನು. ಇಂಥ ಮಾತು ಯಾರಿಗೆ ಸಿಹಿಯಾಗುವುದಿಲ್ಲ? ಡಾಕ್ಟರಮ್ಮನ ಮಾತು ಕಿವಿಯಲ್ಲಿ ಚುಚ್ಚುತ್ತಲೇ ಇತ್ತು. ಅವಳು ಕಿವಿ ಆ ಕಡೆ ತಿರುಗಿಸಿ ಮಲಗಿದಳು. ಬೆಳಗ್ಗೆ ಅಣ್ಣನ ವ್ಯಾನು ಹತ್ತಿದಳು.

ನರ್ಸಿಂಗ್ ಹೋಮಿನ ಕೋಣೆ ಚಿಕ್ಕದು. ಹಸಿರು ಪರದೆ, ಫಿನಾಯಿಲ್ ವಾಸನೆ, ಒಂದು ಚಕ್ರ ಕಿರುಗುಟ್ಟುವ ತಳ್ಳುಗಾಡಿ ಮಂಚ. ನರ್ಸು ಬೆನ್ನ ಹಿಂದೆ ಕಟ್ಟುವ ನಿಲುವಂಗಿ ಕೊಟ್ಟಳು. ಪೀಟಿ ಮಿಸ್ಸು ಶೂ ಕಳಚಿ, ಒಂದರೊಳಗೊಂದು ಸಾಕ್ಸ್ ಸೇರಿಸಿ, ಗಾಡಿಯ ಕೆಳಗೆ ಜೋಡಿಸಿಟ್ಟಳು. ಸೀಟಿಯನ್ನು ಬಿಚ್ಚಿ ಶೂವಿನೊಳಗೆ ಹಾಕಿದಳು. ಗಾಡಿಯ ಮೇಲೆ ಕೂತಳು. ನಿಲುವಂಗಿಯ ಅಂಚನ್ನು ಮೊಣಕಾಲಿನ ಕೆಳಗೆ ಎಳೆದೆಳೆದುಕೊಂಡಳು.

ಡಾಕ್ಟರು ಬಂದರು. ನಗುಮುಖ, ದಪ್ಪ ಬೆರಳು, ತೋಳು ಮಡಚಿದ ಹಸಿರಂಗಿ. ಹಿಂದೆಯೇ ಅಣ್ಣ.

“ಏನಮ್ಮಾ, ಪೀಟಿ ಟೀಚರು ಅಂತೆ, ಹೆದರ್ಕೊಂಡಿದ್ದೀರಲ್ಲ! ಬೆಳಗ್ಗೆ ಹೊಟ್ಟೆಗೇನೂ ಹಾಕಿಲ್ಲ ತಾನೆ?”

“ಇಲ್ಲ. ಡಾಕ್ಟ್ರೇ, ಅಷ್ಟು ದೊಡ್ಡದನ್ನ ಸಣ್ಣ ತೂತಲ್ಲಿ ಹೇಗೆ ತೆಗೀತೀರಾ?”

“ಒಳಗೇ ಚೂರು ಮಾಡ್ಕೊಳ್ಳೋದು, ಆಮೇಲೆ ಎಳೆದು ಹಾಕೋದು. ಅದು ನಮ್ಮ ತಲೆನೋವು, ನೀವು ನಿದ್ದೆ ಮಾಡ್ತಿರ್ತೀರಿ.”

ಅಣ್ಣ ಮೆಚ್ಚಿಗೆಯಿಂದ ತಲೆಯಾಡಿಸಿದ. ಪೀಟಿ ಮಿಸ್ಸು ಗಾಡಿಯ ಅಂಚಿಗೆ ಸರಿದಳು.

“ಚೂರು ಒಳಗೆ ಉಳಿದ್ರೆ?”

“ಉಳಿದ್ರೆ ಉಳೀಲಿ. ಅದೇನು ಬಾಂಬಾ?”

“ಸೂಜಿ ಹಾಕಿ ಪರೀಕ್ಷೆ ಮಾಡಿದ್ದು ನೋಡಿದ್ರಾ? ನಿನ್ನೆ ಅಣ್ಣ ತಂದು ಕೊಟ್ಟಿದ್ದ.”

“ಆ ದಪ್ಪ ಫೈಲಾ?” ಡಾಕ್ಟರು ಗಡಿಯಾರ ನೋಡಿಕೊಂಡರು. “ದೊಡ್ಡಾಸ್ಪತ್ರೆಯವರಿಗೆ ಬರೆಯೋದೇ ಕೆಲಸ. ಚಿತ್ರ ನೋಡಿದ್ದೀನಿ, ಸಾಕು.”

“ತೆಗೆದ ಮೇಲೆ ಪರೀಕ್ಷೆಗೆ ಕಳಿಸ್ತೀರಲ್ಲ?”

ಡಾಕ್ಟರು ಅಣ್ಣನ ಕಡೆ ತಿರುಗಿ, ಹುಬ್ಬು ಹಾರಿಸಿ, ನಿಮ್ಮ ತಂಗಿ ಬಲು ಜೋರು ಎಂಬಂತೆ ನಕ್ಕರು. ಆಮೇಲೆ ಅವಳ ಭುಜ ತಟ್ಟಿ ಹೇಳಿದರು:

“ಕೊಬ್ಬಮ್ಮಾ ಅದು, ಕೊಬ್ಬು. ಕೊಬ್ಬನ್ನ ಏನಂತ ಪರೀಕ್ಷೆ ಮಾಡಿಸೋದು?”

ಪೀಟಿ ಮಿಸ್ಸಿಗೆ ಬೀದಿ ಮೂಲೆಯ ಕ್ಲಿನಿಕ್ಕಿನ ಮೇಜು ಕಣ್ಣ ಮುಂದೆ ಬಂತು. ಆ ಒಂದು ಸಾಲಿನ ಮೇಲಿಟ್ಟ ಬೆರಳು ಬಂತು. ಅರೆಹೊಟ್ಟೆಯಲ್ಲಿ ನಸುಕಿಗೆದ್ದು, ಒಳಗೆ ಅಷ್ಟು ಭಾರ ಹೊತ್ತು, ನಾಯಿಗಳು ಬೊಗಳುವ ಬೀದಿಗಳಲ್ಲಿ ಓಡಿದ ಬೆಳಗುಗಳು ಬಂದವು. ಓಡುತ್ತ ಓಡುತ್ತ ಅವಳು ತನ್ನನ್ನೇ ಬೈದುಕೊಂಡಿದ್ದಳು, ಇನ್ನೂ ಯಾಕೆ ಕರಗುತ್ತಿಲ್ಲ ನೀನು, ಏನು ಕದ್ದು ತಿನ್ನುತ್ತೀಯ ಎಂದು. ಆ ಬೈಗುಳಕ್ಕೆ ಯಾರೂ ಕ್ಷಮೆ ಕೇಳಿರಲಿಲ್ಲ.

ಅವಳು ಗಾಡಿಯಿಂದ ಕೆಳಗಿಳಿದಳು.

“ಎಲ್ಲಿಗೆ?” ಎಂದಳು ನರ್ಸು. “ಮಲ್ಕೊಳ್ಳಿ ಮೇಡಂ, ಥಿಯೇಟರ್ ರೆಡಿ ಇದೆ.”

ಪೀಟಿ ಮಿಸ್ಸು ಬಗ್ಗಿ ಶೂ ಎಳೆದುಕೊಂಡಳು. ಹೊಟ್ಟೆ ಅಡ್ಡ ಬಂತು. ಒಳಗಿದ್ದ ಸೀಟಿಯನ್ನು ಹೊರತೆಗೆದು, ಗೋಡೆಗೆ ಒರಗಿ, ಒಂದೊಂದೇ ಕಾಲು ಮೇಲೆತ್ತಿ, ಹೇಗೋ ಸಾಕ್ಸು, ಶೂ ಸಿಕ್ಕಿಸಿದಳು.

“ಏನ್ರೀ ಇದು?” ಡಾಕ್ಟರ ನಗು ಹೋಗಿತ್ತು. “ಅರಿವಳಿಕೆಯವರು ಬಂದು ಕೂತಿದ್ದಾರೆ. ನನ್ನ ಟೈಮಿಗೆ ಬೆಲೆ ಇಲ್ವಾ?”

“ಇದೆ ಡಾಕ್ಟ್ರೇ. ಹರ್ನಿಯಾದೋರು ಯಾರಾದ್ರೂ ಕಾಯ್ತಿರ್ತಾರೆ, ಅವರಿಗೆ ಕೊಡಿ.”

ಅಣ್ಣ ಅವಳ ತೋಳು ಹಿಡಿದ. “ಹುಚ್ಚಿ, ಕಿಡ್ನಿ ಉಳಿಸ್ತಾರೆ ಕಣೇ ಇವರು!”

“ಕಿಡ್ನಿ ಉಳಿಯುತ್ತೆ ಅಣ್ಣ. ನಾನು ಉಳಿಯಲ್ಲ.”

“ದೊಡ್ಡಾಸ್ಪತ್ರೆಯವರು ನಿನ್ನ ಕೊಯ್ದು ಮಾರ್ತಾರೆ!”

“ಮಾರ್ಲಿ, ಚೆನ್ನಾಗಿದ್ಯಂತಲ್ಲ, ಯಾರಿಗಾದ್ರೂ ಉಪಯೋಗ ಆಗ್ಲಿ. ನೀನೇ ಬಂದು ಥಿಯೇಟರ್ ಬಾಗಿಲಲ್ಲಿ ಕಾವಲು ಕೂತ್ಕೋ.”

“ಅಪ್ಪನ ಜಾಗದಲ್ಲಿ ನಿಂತು ಹೇಳ್ತಿದ್ದೀನಿ” ಎಂದ ಅಣ್ಣ. ಕಣ್ಣು ಕೆಂಪಾಗಿತ್ತು, ದನಿ ಒಡೆದಿತ್ತು. “ಇಷ್ಟು ವರ್ಷ ನನ್ನ ಮಾತು ಮೀರಿದೋಳಲ್ಲ ನೀನು. ಮಲಗು.”

ಅವಳು ಸೀಟಿಯನ್ನು ಕೊರಳಿಗೆ ಹಾಕಿಕೊಂಡಳು. ಶೂವಿನ ದಾರವನ್ನು ಮಾತ್ರ ಕಟ್ಟಿಕೊಳ್ಳಲಾಗಲಿಲ್ಲ, ಹೊಟ್ಟೆ ಬಿಡಲಿಲ್ಲ. ಬಿಚ್ಚಿದ ದಾರದ ಕಾಲನ್ನು ಅಣ್ಣನ ಕಡೆಗೆ ಚಾಚಿದಳು.

“ಮಲಗಲ್ಲ ಅಣ್ಣ. ಇದನ್ನ ಸ್ವಲ್ಪ ಕಟ್ಟು.”